ಕೀಲುನೋವಿನ ಆರೈಕೆ: ಕರ್ನಾಟಕದಲ್ಲಿ ವ್ಯಾಯಾಮ, ಪಥ್ಯ, ಪುನಶ್ಚೇತನದ ಇತಿಹಾಸ

ಮಂಡಿ, ಸೊಂಟ, ಬೆರಳುಗಳ ಸಂಧಿವಾತವನ್ನು ಔಷಧ ಮತ್ತು ಶಸ್ತ್ರಚಿಕಿತ್ಸೆಯ ಜೊತೆಗೆ, ಕೆಲವೊಮ್ಮೆ ಅವುಗಳ ಬದಲಿಗೆ, ಅಂಗಸಾಧನೆ, ಆಹಾರಕ್ರಮ ಮತ್ತು ಫಿಸಿಯೋಥೆರಪಿಯಿಂದ ಹತೋಟಿಯಲ್ಲಿಡುವ ಕ್ರಮಗಳು ಈ ಲೇಖನದ ವಿಷಯ. ಕನ್ನಡದ ಜನಪ್ರಿಯ ಆರೋಗ್ಯ ಕೈಪಿಡಿಗಳು ವಯಸ್ಸಿನೊಂದಿಗೆ ಬರುವ ಮಂಡಿ ಸವೆತ, ದೇಹದ ರಕ್ಷಣಾ ವ್ಯವಸ್ಥೆಯೇ ಕೀಲಿನ ಮೇಲೆ ತಿರುಗಿಬೀಳುವ ರುಮಟಾಯ್ಡ್ ಸಂಧಿವಾತ, ಯೂರಿಕ್ ಆಮ್ಲದಿಂದಾಗುವ ಗೌಟ್, ಜ್ವರದ ನಂತರ ಉಳಿಯುವ ನೋವು ಎಲ್ಲವನ್ನೂ ಒಂದೇ ಅಧ್ಯಾಯದಲ್ಲಿ ಸೇರಿಸುತ್ತವೆ. ಒಂದಕ್ಕೆ ಹೇಳಿದ ಪಥ್ಯ ಇನ್ನೊಂದಕ್ಕೂ ಹರಡಿರುವುದು ಇದರಿಂದಲೇ. ಆದ್ದರಿಂದ ಈ ಕಾಯಿಲೆಗಳನ್ನು ಬೇರ್ಪಡಿಸಿದ ಘಟ್ಟಗಳಿಗೆ ಇಲ್ಲಿ ಹೆಚ್ಚು ಜಾಗ ಕೊಟ್ಟಿದೆ.

ಹಳೆಯ ಗ್ರಂಥಗಳು

ಚರಕ ಸಂಹಿತೆ ವಾತರಕ್ತವನ್ನೂ ಸಂಧಿಗತವಾತವನ್ನೂ ಬೇರೆ ಬೇರೆಯಾಗಿ ವಿವರಿಸುತ್ತದೆ. ಆಮವಾತಕ್ಕೆ ಪ್ರತ್ಯೇಕ ಅಧ್ಯಾಯ ಸಿಕ್ಕಿದ್ದು ಮಾಧವನಿದಾನದಲ್ಲಿ. ಇವತ್ತಿನ ಲೇಖಕರು ಆಮವಾತವನ್ನು ರುಮಟಾಯ್ಡ್ ಸಂಧಿವಾತಕ್ಕೆ ಸಲೀಸಾಗಿ ಸಮೀಕರಿಸುತ್ತಾರೆ. ಎರಡರ ಲಕ್ಷಣಗಳು ಹೋಲುತ್ತವೆ ಎನ್ನುವುದಕ್ಕಿಂತ ಹೆಚ್ಚನ್ನು ಗ್ರಂಥದ ಆಧಾರದಿಂದ ಹೇಳಲಾಗದು. ಕನ್ನಡ ವೈದ್ಯಗ್ರಂಥಗಳಲ್ಲಿ ಹಳೆಯದಾದ, 12ನೆಯ ಶತಮಾನದ ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕದ ವಿಶೇಷವಿರುವುದು ಪಥ್ಯದಲ್ಲಿ. ವಾತರೋಗಕ್ಕೆ ಚರಕ ಮಾಂಸರಸವನ್ನು ಹೇಳಿದ್ದರೆ, ಜೈನ ಪರಂಪರೆಯ ಈ ಗ್ರಂಥ ಮದ್ಯಮಾಂಸಗಳನ್ನು ಚಿಕಿತ್ಸೆಯಿಂದಲೇ ಹೊರಗಿಟ್ಟಿತು.

ಹಂದಿಗೋಡು

1974–75ರ ಸುಮಾರಿಗೆ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದಲ್ಲಿ ಕೂಲಿ ಕುಟುಂಬಗಳ ಹಲವರಿಗೆ ಸೊಂಟ ಮತ್ತು ಮಂಡಿಯ ನೋವು ಕಾಣಿಸಿಕೊಂಡು, ನಡೆಯುವುದೇ ಕಷ್ಟವಾಗತೊಡಗಿದ್ದು ಹೊರಜಗತ್ತಿನ ಗಮನಕ್ಕೆ ಬಂತು. ಬಾಧಿತರಲ್ಲಿ ಬಹುಪಾಲು ಚನ್ನಂಗಿ ಮತ್ತು ಛಲವಾದಿ ಸಮುದಾಯದ ದಲಿತರು. ಚಿಕ್ಕಮಗಳೂರು ಜಿಲ್ಲೆಯಲ್ಲೂ ಇಂಥ ಕುಟುಂಬಗಳು ಪತ್ತೆಯಾದವು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಭಟ್ ಮತ್ತು ಕೃಷ್ಣಮಾಚಾರಿ 1977ರಲ್ಲಿ ಪ್ರಕಟಿಸಿದ ವರದಿಯು ಇದನ್ನು ಮಲೆನಾಡಿನ ಸ್ಥಳೀಯ, ಕೌಟುಂಬಿಕ ಸಂಧಿವಾತವೆಂದು ಕರೆಯಿತು.

ಕಾರಣದ ಬಗ್ಗೆ ದಾಖಲೆಗಳು ಒಮ್ಮತದಲ್ಲಿಲ್ಲ. ಭತ್ತದ ಗದ್ದೆಗೆ ಹೊಡೆದ ಕೀಟನಾಶಕ ಏಡಿಗಳಿಗೆ ಸೇರಿ, ಆ ಏಡಿ ತಿಂದವರಿಗೆ ಕಾಯಿಲೆ ಬಂತು ಎಂಬ ಊಹೆ ಹಸಿರು ಕ್ರಾಂತಿಯನ್ನು ಟೀಕಿಸುವ ಬರಹಗಳಲ್ಲಿ ಈಗಲೂ ಸತ್ಯವೆಂಬಂತೆ ಮರುಕಳಿಸುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಆಶ್ರಯದಲ್ಲಿ ನಡೆದ ಮುಂದಿನ ಅಧ್ಯಯನಗಳು ವಂಶಾವಳಿ ಮತ್ತು ಎಕ್ಸ್‌ರೇಗಳನ್ನು ಪರಿಶೀಲಿಸಿ, ಇದು ತಂದೆ ಅಥವಾ ತಾಯಿ ಒಬ್ಬರಿಂದಲೇ ಮಕ್ಕಳಿಗೆ ದಾಟಬಲ್ಲ, ಮೂಳೆಯ ಬೆಳವಣಿಗೆಯ ಅನುವಂಶಿಕ ದೋಷ ಎಂಬ ತೀರ್ಮಾನಕ್ಕೆ ಬಂದವು. ಕೆಲವರಲ್ಲಿ ಕೀಲು ಮಾತ್ರ ಸವೆಯುತ್ತದೆ, ಕೆಲವರಲ್ಲಿ ಬೆನ್ನೆಲುಬಿನ ಮೂಳೆಗಳೂ ಕೆಟ್ಟು ಎತ್ತರ ಕುಂಠಿತವಾಗುತ್ತದೆ. 1997ರಲ್ಲಿ ಭಾರತ ಮತ್ತು ದಕ್ಷಿಣ ಆಫ್ರಿಕಾದ ಸಂಶೋಧಕರು ಜೊತೆಗೂಡಿ ಇದನ್ನು ಆ ದೇಶದ ಎಂಸೆಲೇನಿ ಪ್ರದೇಶದ ಕಾಯಿಲೆಯೊಂದಿಗೆ ಹೋಲಿಸಿದರು. ಏಡಿಯ ಕಥೆಗೆ ಇಷ್ಟು ಆಯುಸ್ಸು ಬಂದದ್ದಕ್ಕೆ ಬಡವರ ತಟ್ಟೆಯಲ್ಲಿ ತಪ್ಪು ಹುಡುಕುವುದು ಸುಲಭ ಎನ್ನುವುದೂ ಒಂದು ಕಾರಣವಿರಬೇಕು. ಇಲ್ಲಿ ಪಥ್ಯದಿಂದ ಆಗುವುದೇನೂ ಇರಲಿಲ್ಲ. ನೋವಿನ ಔಷಧ, ಊರುಗೋಲು, ಕೆಲವರಿಗೆ ಸೊಂಟದ ಶಸ್ತ್ರಚಿಕಿತ್ಸೆ ಮಾತ್ರ ಉಳಿದ ದಾರಿಗಳು.

ವಿಶ್ರಾಂತಿಯಿಂದ ಚಲನೆಗೆ

20ನೆಯ ಶತಮಾನದ ನಡುಭಾಗದವರೆಗೂ ಊದಿದ ಕೀಲಿಗೆ ಹಾಸಿಗೆಯ ವಿಶ್ರಾಂತಿ ಮತ್ತು ಅಲುಗದಂತೆ ಕಟ್ಟುಪಟ್ಟಿ ಎನ್ನುವುದು ಆಸ್ಪತ್ರೆಗಳ ಸಾಮಾನ್ಯ ಕ್ರಮವಾಗಿತ್ತು. 1970ರ ನಂತರ ಈ ನಂಬಿಕೆ ಸಡಿಲಗೊಂಡಿತು. 1997ರಲ್ಲಿ ಅಮೆರಿಕದಲ್ಲಿ ಮಂಡಿ ಸವೆತವಿದ್ದ, 60 ದಾಟಿದ 439 ಜನರ ಮೇಲೆ ನಡೆದ ಪ್ರಯೋಗ ನಡಿಗೆಯ ವ್ಯಾಯಾಮವೂ ತೂಕ ಎತ್ತುವ ವ್ಯಾಯಾಮವೂ ಆರೋಗ್ಯ ಶಿಕ್ಷಣಕ್ಕಿಂತ ಮೇಲು ಎಂದು ತೋರಿಸಿತು. ಲಾಭ ಸಾಧಾರಣವಾದರೂ ಕೀಲಿಗೆ ಹಾನಿಯಾಗಲಿಲ್ಲ.

ಯೋಗದ ಎರಡು ಕವಲು

ಕರ್ನಾಟಕದ ಯೋಗ ಚಿಕಿತ್ಸೆಯನ್ನು ಒಂದೇ ಮೂಲದಿಂದ ಬಂದದ್ದೆಂದು ಬರೆಯುವುದು ರೂಢಿ, ಇದು ಸರಿಯಲ್ಲ. ಮೊದಲ ಕವಲು ಮೈಸೂರಿನದು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ನಡೆಸಿದ ತಿರುಮಲೈ ಕೃಷ್ಣಮಾಚಾರ್ಯರು 1934ರಲ್ಲಿ ಕನ್ನಡದಲ್ಲೇ ಯೋಗಮಕರಂದವನ್ನು ಪ್ರಕಟಿಸಿದರು. ಅವರಲ್ಲಿ ಕಲಿತ, ಕೋಲಾರ ಸೀಮೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ ಪುಣೆಯಲ್ಲಿ ನೆಲೆಸಿ, ಹಗ್ಗ, ಕುರ್ಚಿ, ಮರದ ತುಂಡುಗಳ ಆಸರೆಯಲ್ಲಿ ಬಿಗಿಗೊಂಡ ಕೀಲಿನವರಿಗೂ ಆಸನ ಸಾಧ್ಯವಾಗುವಂತೆ ಮಾಡಿದರು. 2005ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ತಂಡ ಮಂಡಿ ಸವೆತದ ಮೇಲೆ ಪರೀಕ್ಷಿಸಿದ್ದು ಈ ಪದ್ಧತಿಯನ್ನು.

ಎರಡನೆಯದು ವಿವೇಕಾನಂದ ಕೇಂದ್ರದಿಂದ ಹೊರಟದ್ದು. ಎಂಜಿನಿಯರ್ ಎಚ್.ಆರ್. ನಾಗೇಂದ್ರ ಮತ್ತು ವೈದ್ಯೆ ಆರ್. ನಾಗರತ್ನ ಅವರ ಕೆಲಸ ಜಿಗಣಿಯ ಪ್ರಶಾಂತಿ ಕುಟೀರದಲ್ಲಿ ಬೆಳೆದು, 2002ರಲ್ಲಿ ಎಸ್-ವ್ಯಾಸ ಎಂಬ ಡೀಮ್ಡ್ ವಿಶ್ವವಿದ್ಯಾಲಯವಾಯಿತು. ಶಿಥಿಲೀಕರಣ ವ್ಯಾಯಾಮ, ಆಸನ, ಪ್ರಾಣಾಯಾಮ, ವಿಶ್ರಾಂತಿ, ಆಪ್ತಸಲಹೆಗಳನ್ನು ಬೆಸೆಯುವುದು ಇಲ್ಲಿನ ಕ್ರಮ. 1994ರಲ್ಲಿ ಇಬ್ಬರೂ ಬ್ರಿಟನ್ನಿನ ಹ್ಯಾಸ್‌ಲಾಕ್ ಮತ್ತು ಮನ್ರೋ ಅವರೊಂದಿಗೆ ರುಮಟಾಯ್ಡ್ ಸಂಧಿವಾತದ ಕುರಿತ ಚಿಕ್ಕ ಅಧ್ಯಯನವೊಂದನ್ನು ಪ್ರಕಟಿಸಿದ್ದರು. ಹೆಚ್ಚು ಉಲ್ಲೇಖವಾಗುವುದು ಮೂಳೆತಜ್ಞ ಜಾನ್ ಎಬ್ನೆಜರ್ ಜೊತೆಗೂಡಿ 2012ರಲ್ಲಿ ಹೊರತಂದ ಬೆಂಗಳೂರಿನ ಪ್ರಯೋಗ. ಮಂಡಿ ಸವೆತದ 250 ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಎರಡಕ್ಕೂ ವಿದ್ಯುತ್ ಸ್ಪಂದನ ಮತ್ತು ಅಲ್ಟ್ರಾಸೌಂಡ್ ಶಾಖ ಕೊಟ್ಟು, ಒಂದಕ್ಕೆ ಯೋಗವನ್ನೂ ಇನ್ನೊಂದಕ್ಕೆ ಚಿಕಿತ್ಸಕ ವ್ಯಾಯಾಮವನ್ನೂ ಕಲಿಸಲಾಯಿತು. ಎರಡು ವಾರ ಮೇಲ್ವಿಚಾರಣೆ, ಆಮೇಲೆ ಮನೆಯಲ್ಲಿ ಅಭ್ಯಾಸ. ಮೂರು ತಿಂಗಳ ಕೊನೆಗೆ ನೋವು ಮತ್ತು ಮಂಡಿ ಮಡಚುವಿಕೆ ಎರಡರಲ್ಲೂ ಯೋಗದ ಗುಂಪು ಮುಂದಿತ್ತು.

ಈ ಫಲಿತಾಂಶವನ್ನು ಯೋಗ ಗೆದ್ದಿತು, ಫಿಸಿಯೋಥೆರಪಿ ಸೋತಿತು ಎಂದು ಓದಿದವರಿದ್ದಾರೆ. ಎರಡೂ ಗುಂಪು ಸುಧಾರಿಸಿದ್ದವು ಎಂಬುದು ಆ ಓದಿನಲ್ಲಿ ಬಿಟ್ಟುಹೋಗುತ್ತದೆ. ತಾವು ಮಾಡುತ್ತಿರುವುದು ಯಾವ ಅಭ್ಯಾಸ ಎನ್ನುವುದು ರೋಗಿಗಳಿಗೆ ಗೊತ್ತಿರುತ್ತದೆ, ಪ್ರಯೋಗ ನಡೆಸಿದವರಲ್ಲಿ ಯೋಗಸಂಸ್ಥೆಯವರೇ ಇದ್ದರು, ಮೂರು ತಿಂಗಳು ದೀರ್ಘಾವಧಿಯಲ್ಲ. ಅಮೆರಿಕದ ರುಮಟಾಲಜಿ ಕಾಲೇಜಿನ 2019ರ ಮಾರ್ಗಸೂಚಿ ಮಂಡಿ ಸವೆತಕ್ಕೆ ವ್ಯಾಯಾಮವನ್ನು ಬಲವಾಗಿಯೂ ಯೋಗವನ್ನು ಷರತ್ತಿನೊಂದಿಗೂ ಶಿಫಾರಸು ಮಾಡಿ, ಬೆಂಗಳೂರಿನ ಎರಡೂ ಗುಂಪಿಗೆ ಕೊಟ್ಟಿದ್ದ ವಿದ್ಯುತ್ ಸ್ಪಂದನವನ್ನು ಬೇಡವೆಂದಿತು.

2006ರ ಜ್ವರ

1973ರ ನಂತರ ದೇಶದಲ್ಲಿ ಮೂರು ದಶಕ ದೊಡ್ಡ ಸುದ್ದಿಯಾಗದಿದ್ದ ಚಿಕೂನ್‌ಗುನ್ಯ 2006ರಲ್ಲಿ ಮರಳಿತು. ಆ ವರ್ಷ ದೇಶದಲ್ಲಿ ದಾಖಲಾದ ಸುಮಾರು 13.9 ಲಕ್ಷ ಶಂಕಿತ ಪ್ರಕರಣಗಳಲ್ಲಿ ಏಳೂವರೆ ಲಕ್ಷ ಕರ್ನಾಟಕದವೇ. ಪ್ರಯೋಗಾಲಯದಲ್ಲಿ ದೃಢಪಟ್ಟವು ಬಹಳ ಕಡಿಮೆ. ಸರ್ಕಾರಿ ಲೆಕ್ಕ ಜ್ವರದ್ದು. ಜ್ವರ ಇಳಿದ ಮೇಲೆ ಕೆಲವರಿಗೆ ತಿಂಗಳುಗಟ್ಟಲೆ ಉಳಿದ ಮಣಿಕಟ್ಟು, ಪಾದದ ಗಂಟಿನ ನೋವು ಆ ಅಂಕಿಗಳಲ್ಲಿ ಸೇರುವುದಿಲ್ಲ.

ಪಥ್ಯ

ಆಲೂಗಡ್ಡೆ, ಅವರೆಕಾಳು ವಾಯು ಎಂದು ಬಿಡಿಸುವುದು ಮನೆಮನೆಯ ಪದ್ಧತಿ. ಮಂಡಿ ಸವೆತದಲ್ಲಿ ಇದಕ್ಕೆ ಆಧಾರವಿಲ್ಲ. ಗಟ್ಟಿ ಆಧಾರವಿರುವುದು ತೂಕಕ್ಕೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಅಧ್ಯಯನದ ಪ್ರಕಾರ (1992) ಸುಮಾರು 5 ಕಿಲೋ ಇಳಿಸಿದ ಹೆಂಗಸರಲ್ಲಿ ನೋವಿನ ಮಂಡಿ ಸವೆತದ ಸಂಭವ ಅರ್ಧಕ್ಕಿಂತ ಕಡಿಮೆಯಾಯಿತು. ರುಮಟಾಯ್ಡ್ ಸಂಧಿವಾತದಲ್ಲಿ ಉಪವಾಸದ ನಂತರ ಒಂದು ವರ್ಷ ಸಸ್ಯಾಹಾರ ಕೊಟ್ಟ ನಾರ್ವೆಯ 1991ರ ಪ್ರಯೋಗ ಸುಧಾರಣೆ ಕಂಡಿತಾದರೂ ಅದರಲ್ಲಿದ್ದವರು 53 ಜನ ಮಾತ್ರ.

ಸುದ್ದಗುಂಟೆಪಾಳ್ಯದ ಸುತ್ತ

ಬೆಂಗಳೂರಿನ ಡೇರಿ ಸರ್ಕಲ್ ಪಕ್ಕದ ಸುದ್ದಗುಂಟೆಪಾಳ್ಯಕ್ಕೆ ಹತ್ತಿರದಲ್ಲೇ ಹೊಸೂರು ರಸ್ತೆಯ ನಿಮ್ಹಾನ್ಸ್, ಜಯನಗರ ಪೂರ್ವದ ಸಂಜಯ್ ಗಾಂಧಿ ಅಪಘಾತ ಮತ್ತು ಮೂಳೆ ಚಿಕಿತ್ಸಾ ಸಂಸ್ಥೆ ಇವೆ. ಜೆ.ಪಿ. ನಗರದಲ್ಲಿ ಕೃತಕ ಅಂಗ, ಆಧಾರಪಟ್ಟಿ, ಥೆರಪಿಗಳ ತರಬೇತಿ ನಡೆಸುವ, 1994ರಲ್ಲಿ ಸ್ಥಾಪನೆಯಾದ ಮೊಬಿಲಿಟಿ ಇಂಡಿಯಾ ಇದೆ. 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕಚೇರಿ ಜಯನಗರ 4ನೇ ಟಿ ಬ್ಲಾಕಿನದು. ರಾಜ್ಯದ ಫಿಸಿಯೋಥೆರಪಿ ಕಾಲೇಜುಗಳು ಇದರ ಅಡಿಯಲ್ಲಿ ಬಂದ ಮೇಲೆ ಮಂಡಿ ಸವೆತದ ಮೇಲೆ ಸ್ನಾತಕೋತ್ತರ ಪ್ರಬಂಧಗಳು ಬೆಳೆದವು. ಅವುಗಳಲ್ಲಿ ಹಲವು ಕೆಲವೇ ವಾರಗಳ, ಕೆಲವೇ ರೋಗಿಗಳ ಅಧ್ಯಯನಗಳು. ಆದರೂ ಬೆಂಗಳೂರಿನ ಥೆರಪಿ ಕೋಣೆಗಳಲ್ಲಿ ನಿಜಕ್ಕೂ ಏನು ನಡೆಯುತ್ತಿತ್ತು ಎಂದು ತಿಳಿಯಲು ಇವು ಜಾಹೀರಾತುಗಳಿಗಿಂತ ನಂಬಲರ್ಹ. ಫಿಸಿಯೋಥೆರಪಿ ವೃತ್ತಿಗೆ ರಾಷ್ಟ್ರಮಟ್ಟದ ಶಾಸನಬದ್ಧ ನಿಯಂತ್ರಣ ಬಂದದ್ದು 2021ರ ಸಹಾಯಕ ಮತ್ತು ಆರೋಗ್ಯ ಸೇವಾ ವೃತ್ತಿಗಳ ಆಯೋಗ ಕಾಯ್ದೆಯಿಂದ. ಪ್ರತಿ ರಾಜ್ಯವೂ ಪರಿಷತ್ತು ರಚಿಸಿ ವೃತ್ತಿಪರರ ಹೆಸರು ನೋಂದಾಯಿಸಬೇಕೆಂದು ಅದು ವಿಧಿಸುತ್ತದೆ.