ವಿ.ಪಿ. ಅಂಚೆಯೂ ಪೇಟೆಯ ಅಂಗಡಿಯೂ

1877ರಲ್ಲಿ ಭಾರತೀಯ ಅಂಚೆಯು ಆರಂಭಿಸಿದ ವಿ.ಪಿ. (ವ್ಯಾಲ್ಯೂ ಪೇಯಬಲ್, ಎಂದರೆ ಸರಕು ಮುಟ್ಟುವಾಗ ಅಂಚೆಯವನಿಗೆ ಬೆಲೆ ತೆರುವ) ಪದ್ಧತಿಯು, ವಿಜಾಪುರ ಸೀಮೆಯ ಕನಮಡಿಯಂತಹ ಗ್ರಾಮಗಳಿಗೂ ದೂರದ ನಗರಗಳ ವ್ಯಾಪಾರವು ತಲುಪಬಲ್ಲ ಮಾರ್ಗವನ್ನು ತೆರೆಯಿತು. ಪತ್ರಿಕೆಯ ಜಾಹೀರಾತನ್ನು ಕಂಡು ಕಾರ್ಡು ಬರೆದವನು, ಅಂಚೆಯವನ ಕೈಗೆ ಪೂರ್ಣ ಮೌಲ್ಯವನ್ನಿತ್ತ ತರುವಾಯವೇ ಗಡಿಯಾರದ ಪೊಟ್ಟಣವನ್ನು ಬಿಚ್ಚಬೇಕಾಗಿತ್ತು; ಪೇಟೆಯ ಅಂಗಡಿಕಾರನಾದರೋ, ಬೆಲೆಯನ್ನು ತುಸು ಏರಿಸಿದರೂ, ಕೀಲಿ ಕೊಟ್ಟು ಗಿರಾಕಿಯ ಕಿವಿಗೆ ಹಿಡಿದು ಟಿಕ್‌ಟಿಕ್ ಸದ್ದನ್ನು ಕೇಳಿಸಬಲ್ಲವನಾಗಿದ್ದನು, ಪರಿಚಿತರಿಗೆ ಉದ್ರಿ ಕೊಡಬಲ್ಲವನಾಗಿದ್ದನು, ಕೆಟ್ಟರೆ ದುರಸ್ತಿಯ ಹೊಣೆಗೂ ಸಿಕ್ಕುವವನಾಗಿದ್ದನು.

1984ರಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಉದ್ಯಮವನ್ನಾರಂಭಿಸಿದ ಮೈಕೆಲ್ ಡೆಲ್, ಮಧ್ಯವರ್ತಿಗಳನ್ನು ವರ್ಜಿಸಿ ಗ್ರಾಹಕರಿಗೇ ನೇರವಾಗಿ ಕಂಪ್ಯೂಟರುಗಳನ್ನು ಮಾರತೊಡಗಿದಾಗಲೂ ಉದ್ಭವಿಸಿದ ಪ್ರಶ್ನೆಯು ಇದೇ: ಸೋವಿಯ ಸರಕೋ, ಅಧಿಕೃತ ವಿಕ್ರೇತನ ಆಸರೆಯೋ? ಬೆಂಗಳೂರಿನ ಫ್ಲಿಪ್‌ಕಾರ್ಟ್ 2010ರಲ್ಲಿ ತಂದ, ಸರಕು ಮುಟ್ಟಿದಾಗ ಹಣ ತೆರುವ ಕ್ರಮವು ವಿ.ಪಿ.ಯದೇ ನವೀನ ರೂಪವಾಗಿದ್ದು, ಅಂಗಡಿಯ ಹೆಚ್ಚುವರಿ ಬೆಲೆಯಲ್ಲಿ ಬಹುಭಾಗವು ಹೊಣೆಗಾರಿಕೆಯ ಮೌಲ್ಯವೇ ಎಂಬುದನ್ನು ಗಿರಾಕಿಯು ಇಂದಿಗೂ ಸರಕು ಕೆಟ್ಟ ದಿನವೇ ಅರಿಯುತ್ತಾನೆ.