ಡೋಪಮೈನ್ ಗ್ರಾಹಿಗಳು ಮತ್ತು ವ್ಯಸನ: ಸಂಶೋಧನೆಯ ಇತಿಹಾಸ

ಡೋಪಮೈನ್ ಮೆದುಳಿನ ನರಕೋಶಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕ. ಅದನ್ನು ಹಿಡಿದುಕೊಳ್ಳುವ, ಕೋಶಪೊರೆಯ ಮೇಲಿನ ಪ್ರೋಟೀನುಗಳೇ ಡೋಪಮೈನ್ ಗ್ರಾಹಿಗಳು, ಅಂದರೆ ರಿಸೆಪ್ಟರ್‌ಗಳು. ಹೊಗೆಸೊಪ್ಪು, ಮದ್ಯ, ಅಫೀಮು, ಕೊಕೇನ್‌ಗಳ ಚಟ ಅಂಟಿಕೊಳ್ಳುವುದರಲ್ಲಿ ಇವುಗಳಿಗೆ ದೊಡ್ಡ ಪಾಲಿದೆ.

1954ರಲ್ಲಿ ಕೆನಡಾದಲ್ಲಿ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಇಲಿಗಳ ಮೆದುಳಿಗೆ ತಂತಿ ಇಳಿಸಿದರು. ಸಣ್ಣ ವಿದ್ಯುತ್ ಪ್ರಚೋದನೆಗಾಗಿ ಇಲಿಗಳು ಸನ್ನೆಕೋಲನ್ನು ಬಿಡದೆ ಒತ್ತತೊಡಗಿದವು. ಅದರ ಹಿಂದೆ ಡೋಪಮೈನ್ ಇರಬಹುದೆಂಬ ಸುಳಿವು ಆಗ ಯಾರಿಗೂ ಇರಲಿಲ್ಲ. ಡೋಪಮೈನ್‌ಗೆ ತನ್ನದೇ ಕೆಲಸವಿದೆ ಎಂಬುದನ್ನು 1957ರ ಸುಮಾರಿಗೆ ತೋರಿಸಿದವರು ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್. ಅವರ ಪ್ರಯೋಗಕ್ಕೆ ಒದಗಿದ್ದು ನಮ್ಮ ಸರ್ಪಗಂಧಿ ಬೇರಿನಿಂದ ಬೇರ್ಪಡಿಸಿದ ರಿಸರ್ಪಿನ್. ಗ್ರಾಹಿಗಳಲ್ಲಿ ಡಿ1, ಡಿ2 ಎಂಬ ವಿಂಗಡಣೆ ನೆಲೆಗೊಂಡಿದ್ದು 1979ರಲ್ಲಿ. 1991ರ ಹೊತ್ತಿಗೆ ಗ್ರಾಹಿಗಳ ಸಂಖ್ಯೆ ಐದಾಯಿತು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಟಿ. ದೇಸಿರಾಜು ಮತ್ತು ಟಿ.ಆರ್. ರಾಜು ಅವರ ತಂಡ ಓಲ್ಡ್ಸ್ ಹಾಕಿದ ಜಾಡಿನಲ್ಲೇ ಮುಂದೆ ನಡೆಯಿತು. ಹೀಗೆ ತಾವೇ ಪ್ರಚೋದನೆ ಪಡೆದ ಇಲಿಗಳ ಹಿಪೊಕ್ಯಾಂಪಸ್ ಹಾಗೂ ಚಲನಾ ತೊಗಟೆಯ ನರಕೋಶಗಳು ಹೆಚ್ಚು ಕವಲೊಡೆದಿದ್ದವು ಎಂದು ಅವರು 1993ರಲ್ಲಿ ವರದಿ ಮಾಡಿದರು. ಅದೇ ತಂಡದ 1997ರ ಪ್ರಬಂಧ ನೇರವಾಗಿ ಗ್ರಾಹಿಗಳನ್ನೇ ಕುರಿತದ್ದು: ಈ ನಡವಳಿಕೆಯಲ್ಲಿ ಮೆದುಳಿನಾಳದ ನ್ಯೂಕ್ಲಿಯಸ್ ಅಕಂಬೆನ್ಸ್ ಮತ್ತು ನಡುಮೆದುಳಿನ ವೆಂಟ್ರಲ್ ಟೆಗ್ಮೆಂಟಮ್‌ನ ಡೋಪಮೈನ್ ಗ್ರಾಹಿಗಳು ಪಾಲ್ಗೊಳ್ಳುತ್ತವೆ, ಹಣೆಯ ಹಿಂದಿನ ತೊಗಟೆಯ ಒಳಭಾಗದವು ಪಾಲ್ಗೊಳ್ಳುವುದಿಲ್ಲ. ಇಲ್ಲಿ ಮಾದಕದ್ರವ್ಯವೇ ಇರಲಿಲ್ಲ, ಇದ್ದದ್ದು ವಿದ್ಯುತ್ತು ಮಾತ್ರ. ಆದರೆ ಮಾದಕದ್ರವ್ಯಗಳು ಹಿಡಿಯುವ ದಾರಿಯೂ ಇದೇ. ಅಫೀಮಿನ ಜಾತಿಯವು, ಮದ್ಯ, ನಿಕೋಟಿನ್, ಕೊಕೇನ್ ಎಲ್ಲವೂ ಅಕಂಬೆನ್ಸ್‌ನಲ್ಲಿ ಡೋಪಮೈನ್ ಏರಿಸುತ್ತವೆಂದು ಇಟಲಿಯ ದಿ ಕಿಯಾರಾ ಮತ್ತು ಇಂಪೆರಾಟೊ 1988ರಲ್ಲೇ ತೋರಿಸಿದ್ದರು.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳ ಬ್ಯಾರನ್‌ಗಳಲ್ಲಿ ಹದಗೊಂಡು ತಂಬಾಕು ಮಂಡಳಿಯ ಹರಾಜಿಗೆ ಬರುವ ವರ್ಜೀನಿಯಾ ಹೊಗೆಸೊಪ್ಪಿನ ಕಥೆ ತುಸು ಬೇರೆ. ಅದರಲ್ಲಿರುವ ನಿಕೋಟಿನ್ ಡೋಪಮೈನ್ ಗ್ರಾಹಿಗಳನ್ನು ನೇರವಾಗಿ ಮುಟ್ಟುವುದಿಲ್ಲ. ಟೆಗ್ಮೆಂಟಮ್‌ನಲ್ಲಿರುವ ಅಸಿಟೈಲ್‌ಕೋಲಿನ್ ಎಂಬ ಇನ್ನೊಂದು ಸಂದೇಶವಾಹಕದ ಗ್ರಾಹಿಗಳನ್ನು ಕೆಣಕಿ ಡೋಪಮೈನ್ ಹೊರಡಿಸುತ್ತದೆ. ಚಟ ಅಂಟಲು ವೇಗವೂ ಮುಖ್ಯ. ಹೊಗೆಯಾದರೆ ಅದು ಕೆಲವೇ ಸೆಕೆಂಡುಗಳಲ್ಲಿ ಮೆದುಳಿಗೆ ತಲುಪುತ್ತದೆ. ಒದ್ದೆ ಹಸಿಸೊಪ್ಪು ಮುರಿಯುವ ಕೂಲಿಯವರ ಚರ್ಮದೊಳಗೆ ಅದೇ ನಿಕೋಟಿನ್ ನಿಧಾನವಾಗಿ ಇಳಿದಾಗ ಬರುವುದು ತಲೆಸುತ್ತು, ವಾಂತಿ.

ಡೋಪಮೈನನ್ನು 'ಸುಖದ ರಾಸಾಯನಿಕ' ಎನ್ನುವ ಪತ್ರಿಕಾ ರೂಢಿ ಇಂದಿಗೆ ಹಳತು. ಅದು ಸವಿಯನ್ನು ಕೊಡುವುದಕ್ಕಿಂತ ಬಯಕೆಯನ್ನು ಕೆರಳಿಸುತ್ತದೆ ಎಂದು ನರವಿಜ್ಞಾನಿ ಕೆಂಟ್ ಬೆರಿಜ್ ವಾದಿಸಿದ್ದಾರೆ. ಕೊಕೇನ್ ವ್ಯಸನಿಗಳಲ್ಲಿ ಲಭ್ಯ ಡಿ2 ಗ್ರಾಹಿಗಳು ಕಡಿಮೆಯಿರುವುದನ್ನು ಸಂಶೋಧಕಿ ನೋರಾ ವೋಲ್ಕೊ ಅವರ ತಂಡ ಮೆದುಳಿನ ಪೆಟ್ ಸ್ಕ್ಯಾನ್‌ನಲ್ಲಿ ಕಂಡಿತು. ಇದು ಚಟದ ಕಾರಣವೋ ಫಲವೋ ಎಂಬ ಚರ್ಚೆ ಮುಗಿದಿಲ್ಲ. ಇಷ್ಟಾದರೂ ಈ ಗ್ರಾಹಿಗಳನ್ನು ತಡೆಯುವ ಔಷಧಿಗಳು ಚಟ ಬಿಡಿಸುವ ಮದ್ದಾಗಿ ನಿಲ್ಲಲಿಲ್ಲ. ಸಿಗರೇಟು ಬಿಡಿಸಲು ಕೊಡುವ ವರೆನಿಕ್ಲೀನ್ ಕೆಲಸ ಮಾಡುವುದು ನಿಕೋಟಿನ್ ಕೂರುವ ಅಸಿಟೈಲ್‌ಕೋಲಿನ್ ಗ್ರಾಹಿಗಳ ಮೇಲೆ.