ಓದಿ ಹೇಳುವವರ ಪರಂಪರೆ

ಮಳೆ ತಡವಾದ ವರ್ಷ ಹಳ್ಳಿಯವರು ಒಟ್ಟುಗೂಡಿ ವಿರಾಟಪರ್ವವನ್ನು ಓದಿಸುವ ಪದ್ಧತಿ ನಮ್ಮ ನಾಡಿನಲ್ಲಿ ಬಹುಕಾಲದಿಂದ ನಡೆದುಬಂದುದು. ಗುಡಿಯ ಜಗಲಿಯಲ್ಲೋ ಊರ ಚಾವಡಿಯಲ್ಲೋ ವ್ಯಾಸಪೀಠವನ್ನಿಟ್ಟು, ಗದುಗಿನ ಭಾರತವನ್ನು ಅದರ ಮೇಲೆ ಬಿಚ್ಚಿ, ಎಣ್ಣೆಯ ದೀಪದ ಬೆಳಕಿನಲ್ಲಿ ಒಬ್ಬನು ರಾಗವಾಗಿ ಓದುತ್ತಲೂ ಇನ್ನೊಬ್ಬನು ಅರ್ಥವನ್ನು ಬಿಡಿಸಿ ಹೇಳುತ್ತಲೂ ಇರಲು, ಹಗಲೆಲ್ಲ ಹೊಲದಲ್ಲಿ ದುಡಿದು ಬಂದ ಜನರು ಕಂಬಳಿ ಹೊದ್ದು ನಡುರಾತ್ರಿಯವರೆಗೂ ಕುಳಿತು ಕೇಳುತ್ತಿದ್ದರು. ವಿರಾಟಪರ್ವಕ್ಕೂ ಮೋಡಕ್ಕೂ ಇರುವ ಸಂಬಂಧವೇನೆಂದು ವಿಚಾರಿಸಲು ನಾನು ಹೋಗುವುದಿಲ್ಲ. ಮಳೆ ಬಂದೀತೋ ಬಾರದೋ, ಕೀಚಕನ ವಧೆಯಂತೂ ತಪ್ಪದೆ ಆಗುತ್ತಿತ್ತು, ಕೇಳಿದವರು ಸಮಾಧಾನದಿಂದ ಮನೆಗೆ ಹೋಗುತ್ತಿದ್ದರು. ಇಲ್ಲಿ ಗಮನಿಸತಕ್ಕ ಸಂಗತಿ ಬೇರೊಂದುಂಟು. ಓದುವಾತನು ಒಂದು ಪದವನ್ನು ತಪ್ಪಿದನೆಂದರೆ, ಕೇಳುವವರ ನಡುವಿನಿಂದ ಮುದುಕನೊಬ್ಬನು, ರುಜುವಿಗೆ ಬದಲಾಗಿ ಹೆಬ್ಬೆಟ್ಟನ್ನೊತ್ತುವವನು, ಸರಿಯಾದ ಪಾಠವನ್ನು ಹೇಳಿ ತಿದ್ದುತ್ತಿದ್ದನು.

ಈ ಮುದುಕನನ್ನು ಜನಗಣತಿಯವರು ಯಾವ ಪಟ್ಟಿಗೆ ಸೇರಿಸಬೇಕು? ಏಳು ವರ್ಷ ತುಂಬಿದವರಲ್ಲಿ ಯಾವುದಾದರೊಂದು ಭಾಷೆಯನ್ನು ಅರ್ಥಮಾಡಿಕೊಂಡು ಓದಬಲ್ಲ, ಬರೆಯಬಲ್ಲ ವ್ಯಕ್ತಿಯೇ ಸಾಕ್ಷರನೆಂಬುದು ಅವರ ಲಕ್ಷಣ; ಆ ಲಕ್ಷಣದ ಪ್ರಕಾರ ಆತನು ನಿರಕ್ಷರಿಯೇ ಸರಿ, ಅದರಲ್ಲಿ ತಕರಾರಿಲ್ಲ. ಆದರೆ ಒಂಬತ್ತನೆಯ ಶತಮಾನದ ಕವಿರಾಜಮಾರ್ಗಕಾರನು, ಈ ನಾಡಿನ ಜನರು ಓದನ್ನು ಕ್ರಮವಾಗಿ ಕಲಿಯದೆಯೂ ಕಾವ್ಯಪ್ರಯೋಗದಲ್ಲಿ ನುರಿತವರೆಂದು ಹೊಗಳಿದುದನ್ನು, ಸಮ್ಮೇಳನದ ವೇದಿಕೆಗಳ ಮೇಲೆ ಕೇಳಿ ಕೇಳಿ ನಮಗೆ ಸಾಕಾಗಿಹೋಗಿದ್ದರೂ, ಆ ಮುದುಕನ ಎದುರಿನಲ್ಲಿ ಅದು ಬರಿಯ ಹೊಗಳಿಕೆಯಾಗಿ ತೋರುವುದಿಲ್ಲ. ಕನ್ನಡನಾಡಿನಲ್ಲಿ ಅಕ್ಷರವು ಕಥೆಯ ಬೆನ್ನು ಹಿಡಿದು ಬಂದಿತು. ಓದು ಬಲ್ಲವನು ಬಾರದವನಿಗೆ ಓದಿ ಹೇಳುವುದು, ವೇತನವಿಲ್ಲದ, ಆದರೆ ಎಲ್ಲರೂ ಒಪ್ಪಿದ್ದ ಒಂದು ಕರ್ತವ್ಯವಾಗಿದ್ದಿತು. ಈಚಿನ ನೂರು ವರ್ಷಗಳ ಸಾಕ್ಷರತೆಯ ಚರಿತ್ರೆಯನ್ನು ಈ ದೃಷ್ಟಿಯಿಂದ ನೋಡಿದವರು ಕಡಮೆಯೆಂದೇ ನನ್ನ ಭಾವನೆ.

ಈ ಕರ್ತವ್ಯಕ್ಕೆ ಜೈನರು ಒಂದು ಹೆಸರನ್ನೇ ಇಟ್ಟಿದ್ದರು. ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನಗಳಲ್ಲಿ ಕೊನೆಯದು ಗ್ರಂಥವನ್ನು ಬರೆಯಿಸಿ ಹಂಚುವ ದಾನ. ಚಾಲುಕ್ಯ ತೈಲಪನ ಕಾಲದವಳಾದ ಅತ್ತಿಮಬ್ಬೆಯು, ಪೊನ್ನನ ಶಾಂತಿಪುರಾಣವು ಎಲ್ಲಿ ಲುಪ್ತವಾದೀತೋ ಎಂಬ ಆತಂಕದಿಂದ ಅದರ 1000 ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧವಾದ ಸಂಗತಿ. ಆ ಕಾವ್ಯವನ್ನು ಬರೆಯಿಸಿದವರು ಆಕೆಯ ತಂದೆ ಮಲ್ಲಪನೂ ಚಿಕ್ಕಪ್ಪ ಪುನ್ನಮಯ್ಯನೂ ಆಗಿದ್ದುದರಿಂದ ಮನೆತನದ ಅಭಿಮಾನವೂ ಅದರಲ್ಲಿ ಕೂಡಿದ್ದಿರಬಹುದು, ಇರಲಿ. ಸಾವಿರ ಪ್ರತಿಗಳೆಂದರೇನೆಂಬುದನ್ನು ಅಚ್ಚಿನ ಕಾಲದ ನಾವು ಸ್ವಲ್ಪ ನಿಂತು ಊಹಿಸಿಕೊಳ್ಳಬೇಕು. ತಾಳೆಯ ಗರಿಯನ್ನು ಹದಮಾಡಿ, ಒಂದೇ ಅಳತೆಗೆ ಕತ್ತರಿಸಿ, ದಾರಕ್ಕೆ ರಂಧ್ರವನ್ನು ಕೊರೆದು, ಕಂಠವೆಂಬ ಕಬ್ಬಿಣದ ಲೇಖನಿಯಿಂದ ಒಂದೊಂದೇ ಅಕ್ಷರವನ್ನು ಗೀರಿ, ಮೇಲೆ ಮಸಿಯನ್ನು ತೊಡೆದು ಒರಸಿದಾಗ ಮಾತ್ರ ಒಂದು ಗರಿ ಓದಲು ಬರುತ್ತಿತ್ತು. ಅಂತಹ ಗರಿಗಳ ಕಟ್ಟು ಸಾವಿರ. ಅವುಗಳನ್ನು ಪಡೆದವರೆಲ್ಲರೂ ಪೆಟ್ಟಿಗೆಯಲ್ಲಿಟ್ಟು ಪೂಜಿಸಿದರೆಂದು ತಿಳಿಯಬೇಕಾಗಿಲ್ಲ. ಒಂದು ಪ್ರತಿಗೆ ಓದುವವನು ಒಬ್ಬನಾದರೆ ಕೇಳುವವರು ಹತ್ತಾರು ಮಂದಿ. ಆ ಲೆಕ್ಕದಲ್ಲಿ ಅತ್ತಿಮಬ್ಬೆಯ ವಾಚಕವರ್ಗವು ಇಂದಿನ ಕವನ ಸಂಕಲನವೊಂದರ ವಾಚಕವರ್ಗಕ್ಕಿಂತ ಹಿರಿದಾಗಿತ್ತೆಂದರೆ ಕವಿಗಳು ಕೋಪಿಸಿಕೊಳ್ಳಬಾರದು.

ಕೂಲಿಮಠದ ಕಾಲಕ್ಕೆ ಬಂದರೆ ಚಿತ್ರ ಸ್ವಲ್ಪ ಬದಲಾಗುತ್ತದೆ. ಐಗಳು ಮಕ್ಕಳನ್ನು ಕೂರಿಸಿಕೊಂಡು ಮೊದಲು ಮರಳಿನ ಮೇಲೆ ಬೆರಳಿನಿಂದ ತಿದ್ದಿಸಿ, ಮಗ್ಗಿಯನ್ನು ಬಾಯಿಪಾಠ ಮಾಡಿಸಿ, ಬಳಿಕ ಜೈಮಿನಿ ಭಾರತದ ಪದ್ಯಗಳಿಗೆ ಹಚ್ಚುತ್ತಿದ್ದರು. ಇದ್ದಿಲಿನ ಪುಡಿಯನ್ನೂ ಹುಣಿಸೆಬೀಜದ ಸರಿಯನ್ನೂ ಬಟ್ಟೆಗೆ ಬಳಿದು, ಮಡಿಕೆ ಮಡಿಕೆಯಾಗಿ ಮಡಿಚಿದ ಕಡತವು ಆ ಕಾಲದ ದಫ್ತರ. ಅದರ ಮೇಲೆ ಬಳಪದಿಂದ ಬರೆದು, ಬೇಡವಾದಾಗ ಅಳಿಸಿ, ಮತ್ತೆ ಮಸಿ ಬಳಿದು ಬರೆಯುತ್ತಿದ್ದರು. ಮಹಾನವಮಿ ಬಂತೆಂದರೆ ಐಗಳು ಶಿಷ್ಯರನ್ನು ಕಟ್ಟಿಕೊಂಡು ಮನೆಮನೆಗೂ ಹೋಗಿ ಚೌಪದ ಹಾಡಿಸಿ, ಮನೆಯವರು ಕೊಟ್ಟ ಕಾಸು ಕಾಳುಗಳನ್ನು ಸ್ವೀಕರಿಸುತ್ತಿದ್ದರು. ಐಗಳ ಬಡತನ ಅದರಿಂದ ನೀಗಲಿಲ್ಲ. ಆದರೆ ಹುಡುಗನು ಕಲಿತುದೇನೆಂಬುದನ್ನು ಊರೆಲ್ಲ ಬಾಗಿಲಲ್ಲಿ ನಿಂತು ಕೇಳುತ್ತಿತ್ತು. ಅಂತಹ ಪರೀಕ್ಷೆಯನ್ನು ಯಾವ ವಿದ್ಯಾ ಇಲಾಖೆಯೂ ಮುಂದೆ ಏರ್ಪಡಿಸಲಿಲ್ಲ.

ಆದರೂ ಹಳೆಯದನ್ನೆಲ್ಲ ಹಾಡಿ ಹೊಗಳುವುದು ನನ್ನ ಉದ್ದೇಶವಲ್ಲ. ಗುಡಿಯ ಜಗಲಿಯನ್ನು ಹತ್ತುವ ಅಧಿಕಾರ ಎಲ್ಲರಿಗೂ ಇರಲಿಲ್ಲ. ಊರ ಹೊರಗಿನ ಕೇರಿಯವನಿಗೆ ಕಥೆಯು ದೂರದಿಂದ, ಗಾಳಿ ಬೀಸಿದ ಕಡೆಗೆ ಒಂದಿಷ್ಟು, ಕೇಳಿಸುತ್ತಿತ್ತು. ಹೆಣ್ಣುಮಕ್ಕಳು ಹಾಡನ್ನು ಕಲಿತರು, ಕಥೆಯನ್ನು ಕಲಿತರು, ರಂಗವಲ್ಲಿಯ ಎಳೆಯನ್ನು ಕಲಿತರು. ಅಕ್ಷರವನ್ನು ಮಾತ್ರ ಅವರ ಕೈಗೆ ಕೊಡಲಿಲ್ಲ. ಓದಿ ಹೇಳುವ ಔದಾರ್ಯವು, ಕೇಳುವವನು ಎಂದೆಂದಿಗೂ ಕೇಳುವವನಾಗಿಯೇ ಉಳಿಯಲೆಂಬ ಸ್ವಾರ್ಥವನ್ನು ತನ್ನೊಳಗೆ ಬಚ್ಚಿಟ್ಟುಕೊಂಡಿದ್ದಿತೆಂಬ ಮಾತನ್ನು ಒಪ್ಪಲೇಬೇಕು.

ಆ ಸ್ವಾರ್ಥವನ್ನು ಮುರಿಯಲು ಹೊರಟವರಲ್ಲಿ ಮೊದಲಿಗರು ಪುಸ್ತಕವನ್ನು ಹೊತ್ತು ನಡೆದವರು. ಕಾದಂಬರಿಕಾರ ಗಳಗನಾಥರು ತಮ್ಮ ಗ್ರಂಥಗಳ ಹೊರೆಯನ್ನು ತಾವೇ ಹೊತ್ತು ಊರೂರು ಅಲೆದು ಮಾರಿದುದನ್ನು ಉತ್ತರ ಕರ್ನಾಟಕದಲ್ಲಿ ಇಂದಿಗೂ ನೆನೆಯುತ್ತಾರೆ. ಬರೆದ ಕೈಯೇ ಹೊತ್ತು ತಂದ ಪುಸ್ತಕವನ್ನು ಕೊಳ್ಳದೆ ಕಳುಹಿಸುವುದು ಆ ಕಾಲದವರಿಗೆ ಕಷ್ಟವಾಗಿದ್ದೀತು. ಮೈಸೂರಿನಲ್ಲಿ ಪ್ರಯತ್ನವು ಸಂಸ್ಥೆಯ ರೂಪವನ್ನು ತಾಳಿತು. 1940ರ ಸುಮಾರಿನಲ್ಲಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು ವಯಸ್ಕರಿಗೆ ಅಕ್ಷರ ಕಲಿಸುವ ಕೆಲಸಕ್ಕೆ ಸ್ವಂತ ಇಚ್ಛೆಯಿಂದ ಕೈಹಾಕಿದರು. ಆ ಹುಮ್ಮಸ್ಸಿನಿಂದ ಮುಂದೆ ಮೈಸೂರು ರಾಜ್ಯ ವಯಸ್ಕರ ಶಿಕ್ಷಣ ಸಮಿತಿ ಬೆಳೆಯಿತು. ಸಮಿತಿಯವರು ಒಂದು ವಿಷಯವನ್ನು ಬೇಗನೆ ಮನಗಂಡರು: ಅ ಆ ಇ ಈ ಕಲಿತ ರೈತನ ಕೈಗೆ ಮರುದಿನ ಓದಲು ಏನನ್ನಾದರೂ ಕೊಡದಿದ್ದರೆ, ಬಿತ್ತಿದ ಹೊಲಕ್ಕೆ ನೀರು ಹಾಯಿಸದೆ ಬಿಟ್ಟಂತೆ. ಅದಕ್ಕಾಗಿ ನವಸಾಕ್ಷರರಿಗೆಂದು ‘ಬೆಳಕು’ ಎಂಬ ವಾರಪತ್ರಿಕೆಯನ್ನು ಹೊರಡಿಸಿದರು, ಚಿಕ್ಕ ಚಿಕ್ಕ ಪುಸ್ತಕಗಳನ್ನು ಅಚ್ಚುಹಾಕಿಸಿದರು, ಹಳ್ಳಿಗಳಲ್ಲಿ ಗ್ರಂಥಾಲಯಗಳನ್ನು ತೆರೆದರು. 1947ರಲ್ಲಿ ನಂಜನಗೂಡಿನಲ್ಲಿ ಡೆನ್ಮಾರ್ಕಿನ ಜಾನಪದ ಪ್ರೌಢಶಾಲೆಗಳ ಮಾದರಿಯಲ್ಲಿ ವಿದ್ಯಾಪೀಠವೊಂದು ಆರಂಭವಾಗಿ, ರೈತರ ಮಕ್ಕಳು ಅಲ್ಲಿಯೇ ತಂಗಿ ಬೇಸಾಯದ ಜತೆಗೆ ಹಾಡು, ನಾಟಕ, ಓದುಗಳನ್ನು ಅಭ್ಯಾಸಮಾಡಿದರು. ಅಲ್ಲಿಗೆ ಕಥೆಯೂ ಅಕ್ಷರವೂ ಒಂದೇ ಸೂರಿನಡಿಗೆ ಬಂದಂತಾಯಿತು.

ನಡುವಣ ದಶಕಗಳ ಯೋಜನೆಗಳ ವಿಷಯವನ್ನು ಹೆಚ್ಚು ಬೆಳೆಸುವುದಿಲ್ಲ. 1978ರ ಅಕ್ಟೋಬರ್ 2ರಂದು ಕೇಂದ್ರಸರಕಾರದ ವಯಸ್ಕರ ಶಿಕ್ಷಣ ಕಾರ್ಯಕ್ರಮ ಹುಟ್ಟಿತು, ಕಡತಗಳು ತುಂಬಿದವು. ಇಲ್ಲಿ ಹೇಳುವ ಕಡತವು ಬಳಪದಿಂದ ಬರೆಯುವ ಕಡತವಲ್ಲ. 1988ರ ಮೇ 5ರಂದು ಸ್ಥಾಪಿತವಾದ ರಾಷ್ಟ್ರೀಯ ಸಾಕ್ಷರತಾ ಮಿಷನ್ನಿಗೂ ಅದೇ ಗತಿಯಾಗುತ್ತಿತ್ತೇನೋ. ಆದರೆ ನೆರೆಯ ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ, ಶಾಸ್ತ್ರ ಸಾಹಿತ್ಯ ಪರಿಷತ್ತಿನ ಮುಂದಾಳುತನದಲ್ಲಿ ಸುಮಾರು 20,000 ಸ್ವಯಂಸೇವಕರು ಮನೆಮನೆಗೆ ಹೋಗಿ ಕಲಿಸಿ, 1990ರ ಫೆಬ್ರವರಿ 4ರಂದು ಆ ಜಿಲ್ಲೆ ದೇಶದ ಮೊದಲ ಪೂರ್ಣ ಸಾಕ್ಷರ ಜಿಲ್ಲೆಯೆಂದು ಘೋಷಿತವಾದಾಗ, ಈ ಕೆಲಸ ಸಂಬಳದಿಂದ ಆಗತಕ್ಕದ್ದಲ್ಲವೆಂಬುದು ಎಲ್ಲರಿಗೂ ಗೊತ್ತಾಯಿತು. ಅದೇ ವರ್ಷ ಭಾರತ ಜ್ಞಾನ ವಿಜ್ಞಾನ ಜಾಥಾ ದೇಶವನ್ನು ಸುತ್ತಿತು. ಕರ್ನಾಟಕದಲ್ಲಿ, ಆಗ ಉಡುಪಿಯನ್ನೂ ಒಳಗೊಂಡಿದ್ದ ದಕ್ಷಿಣ ಕನ್ನಡದಲ್ಲಿಯೂ ವಿಜಾಪುರದಲ್ಲಿಯೂ ಆಂದೋಲನ ಆರಂಭವಾಯಿತು. 1975ರಲ್ಲಿ ಹುಟ್ಟಿದ ‘ಸಮುದಾಯ’ ತಂಡದವರು ಹಳ್ಳಿಗಳಿಗೆ ಪರಿಚಯಿಸಿದ್ದ ಬೀದಿನಾಟಕವೂ ಜಾಥಾದ ಹಾಡೂ ಈ ಕೆಲಸಕ್ಕೆ ಒದಗಿಬಂದವು. ಸಂಜೆ ಕೆಲಸ ಮುಗಿಸಿದ ಹೆಂಗಸರು ಸ್ಲೇಟು ಹಿಡಿದು ಲಾಟೀನಿನ ಸುತ್ತ ಕುಳಿತರು. ಕಲಿಸಲು ಬಂದ ಹುಡುಗಿಗೆ ಅವರ ಮೊಮ್ಮಗಳ ವಯಸ್ಸು. ಸುಮಾರು 200 ಗಂಟೆಗಳಲ್ಲಿ ಮೂರು ಪಾಠಪುಸ್ತಕಗಳನ್ನು ಮುಗಿಸಬೇಕೆಂಬುದು ನಿಯಮ. ಮೊದಲ ದಿನ ಬಳಪ ಹಿಡಿಯಲು ನಾಚಿದ ಕೈಗಳು, ಕುಡುಗೋಲನ್ನೂ ಒನಕೆಯನ್ನೂ ಹಿಡಿದು ಒರಟಾದ ಕೈಗಳು, ಕೆಲವೇ ವಾರಗಳಲ್ಲಿ ತಮ್ಮ ಹೆಸರನ್ನು ತಾವೇ ಬರೆದವು.

ಆ ಕಾಲದ ಅತಿ ಮುಖ್ಯವಾದ ಘಟನೆ ನಡೆದುದು ಕರ್ನಾಟಕದಲ್ಲಲ್ಲ. ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟದಲ್ಲಿ. ಅಲ್ಲಿಯ ವಯಸ್ಕರ ಪಾಠಪುಸ್ತಕದಲ್ಲಿ ಸೀತಮ್ಮನೆಂಬವಳ ಕಥೆಯೊಂದಿದ್ದಿತು; ಆಕೆ ಊರಿನ ಸಾರಾಯಿ ಅಂಗಡಿಯನ್ನು ಮುಚ್ಚಿಸುತ್ತಾಳೆ. ಕಲಿಯಲು ಬಂದ ಹೆಂಗಸರು ಪಾಠವನ್ನು ಓದಿ, ಅದರ ಅಕ್ಷರಗಳನ್ನು ತಿದ್ದುವುದರಲ್ಲಿ ತೃಪ್ತರಾಗದೆ, ಎದ್ದುಹೋಗಿ ತಮ್ಮೂರ ಸಾರಾಯಿಯನ್ನು ನಿಜವಾಗಿಯೂ ನಿಲ್ಲಿಸಿದರು. 1992ರಲ್ಲಿ ಹೊತ್ತಿದ ಆ ಕಿಡಿಯು ರಾಜ್ಯವನ್ನೆಲ್ಲ ಹಬ್ಬಿ, 1993ರ ಅಕ್ಟೋಬರಿನಿಂದ ಆಂಧ್ರದಲ್ಲಿ ಸಾರಾಯಿಯನ್ನು ನಿಷೇಧಿಸಬೇಕಾಯಿತು. ಪಾಠಪುಸ್ತಕವನ್ನು ರಚಿಸಿದವರು ಇದನ್ನು ನಿರೀಕ್ಷಿಸಿದ್ದರೋ ಇಲ್ಲವೋ; ಕಥೆಗೆ ಇರುವ ಶಕ್ತಿಯನ್ನಂತೂ ಸರಕಾರಗಳು ಅಂದು ಕಂಡವು. ಎಲ್ಲಿ ಇಂತಹ ಕಥೆ ಇರಲಿಲ್ಲವೋ, ಎಲ್ಲಿ ಘೋಷಣೆಯ ದಿನಾಂಕವೇ ಗುರಿಯಾಗಿತ್ತೋ, ಅಲ್ಲಿ ಸಮಾರಂಭದ ಚಪ್ಪರವನ್ನು ಕಿತ್ತ ಕೆಲವು ತಿಂಗಳಲ್ಲಿಯೇ ಕಲಿತ ಅಕ್ಷರ ಮರೆತುಹೋಯಿತು. ಕರ್ನಾಟಕದ ಸಾಕ್ಷರತೆಯು 1991ರಲ್ಲಿ ಶೇಕಡ 56.04 ಇದ್ದುದು 2011ಕ್ಕೆ 75.36ಕ್ಕೆ ಏರಿತೆಂಬುದು ನಿಜ. ಅದರಲ್ಲಿ ಶಾಲೆಗಳ ಪಾಲು ದೊಡ್ಡದು, ಲಾಟೀನಿನ ಪಾಲು ಎಷ್ಟೆಂದು ಬೇರ್ಪಡಿಸಿ ತೂಗುವುದು ಸುಲಭವಲ್ಲ.

ಕೋಲಾರ ಜಿಲ್ಲೆಯ ಬೂದಿಕೋಟೆಗೆ ಈ ಕಥೆಯಲ್ಲಿ ವಿಶೇಷವಾದ ಸ್ಥಾನವಿದೆ. ಅದು ಹೈದರಾಲಿಯ ಜನ್ಮಸ್ಥಳವೆಂದು ಪ್ರತೀತಿ. ಹೈದರನಿಗೆ ಓದು ಬರಹ ಬರುತ್ತಿರಲಿಲ್ಲವೆಂಬುದನ್ನೂ, ಪತ್ರಗಳನ್ನು ಓದಿಸಿ ಕೇಳಿಯೇ ಆತನು ರಾಜ್ಯವಾಳಿದನೆಂಬುದನ್ನೂ, ಆತನ ಜ್ಞಾಪಕಶಕ್ತಿ ಅಸಾಧಾರಣವಾಗಿತ್ತೆಂಬುದನ್ನೂ ಚರಿತ್ರೆ ಓದಿದವರು ಬಲ್ಲರು. ಅದೇ ಊರಿನಲ್ಲಿ 2003ರಲ್ಲಿ ‘ನಮ್ಮ ಧ್ವನಿ’ ಎಂಬ ಸಮುದಾಯ ಬಾನುಲಿಯು ಯುನೆಸ್ಕೋ, ಮೈರಾಡ, ವಾಯ್ಸಸ್ ಸಂಸ್ಥೆಗಳ ನೆರವಿನಿಂದ ಆರಂಭವಾಯಿತು. ಇಂತಹ ಕೇಂದ್ರಗಳಿಗೆ ಆಕಾಶಮಾರ್ಗದಲ್ಲಿ ಪ್ರಸಾರಮಾಡುವ ಅನುಮತಿಯು ಆಗ ಇರಲಿಲ್ಲ; ಸಂಘಸಂಸ್ಥೆಗಳಿಗೆ ಆ ಹಕ್ಕು ದೊರೆತುದು 2006ರ ಕೊನೆಯಲ್ಲಿ. ಆದುದರಿಂದ ಕೇಬಲ್ ತಂತಿಯ ಮೂಲಕ ಧ್ವನಿಯನ್ನು ಮನೆಗಳಿಗೆ ಹರಿಸಿದರು. ಹಳ್ಳಿಯವರು ತಮ್ಮ ಕಥೆ, ಹಾಡು, ಬೇಸಾಯದ ಅನುಭವ, ನೀರಿನ ತೊಂದರೆ ಇವುಗಳನ್ನು ತಾವೇ ಧ್ವನಿಮುದ್ರಿಸಿ, ತಾವೇ ಒಪ್ಪಮಾಡಿ, ತಮ್ಮವರಿಗೇ ಕೇಳಿಸಿದರು. ಜಗಲಿಯ ಕಾಲದಲ್ಲಿ ಕಿವಿಯಾಗಿದ್ದವರು ಇಲ್ಲಿ ಬಾಯಿಯಾದರು. ಜಗಲಿಯನ್ನು ಹತ್ತಲಾರದಿದ್ದವರ ಮನೆಗೂ ತಂತಿ ಹೋಯಿತು.

ಗಣಕಯಂತ್ರದಲ್ಲಿ ಕನ್ನಡವು ನೆಲೆಗೊಂಡ ವೃತ್ತಾಂತವೂ ದಾನದ ವೃತ್ತಾಂತವೇ. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವು ಯಾರ ಸೊತ್ತೂ ಆಗದೆ ಎಲ್ಲರ ಬೆರಳಿಗೂ ಬಂತು. 1998ರಲ್ಲಿ ಶೇಷಾದ್ರಿವಾಸು ಅವರು ‘ಬರಹ’ ತಂತ್ರಾಂಶವನ್ನು ಬೆಲೆಯಿಲ್ಲದೆ ಹಂಚಿದುದರಿಂದ, ದೇಶದಲ್ಲಿದ್ದ ಕನ್ನಡಿಗರೂ ಹೊರದೇಶದಲ್ಲಿದ್ದ ಕನ್ನಡಿಗರೂ ತಮ್ಮ ಭಾಷೆಯನ್ನು ತಮ್ಮ ಲಿಪಿಯಲ್ಲಿಯೇ ಬರೆಯುವಂತಾಯಿತು. 2003ರಲ್ಲಿ ಕನ್ನಡ ವಿಕಿಪೀಡಿಯ ಹುಟ್ಟಿತು. ಅದರ ಲೇಖನಗಳನ್ನು ಬರೆದವರು ಸಂಭಾವನೆಯನ್ನು ಪಡೆಯಲಿಲ್ಲ. ಅತ್ತಿಮಬ್ಬೆಯ ಪರಂಪರೆಗೆ ತೀರ ಹತ್ತಿರವಾದುದು, ನನ್ನ ದೃಷ್ಟಿಯಲ್ಲಿ, ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆಯ ಕೆಲಸ. 2012ರಿಂದ ಅವರು ನಡೆಸುತ್ತಿರುವ ‘ಒಂದು ದಿನ ಒಂದು ಕಥೆ’ ಎಂಬ ಏರ್ಪಾಡಿನಲ್ಲಿ, ಸೆಪ್ಟೆಂಬರ್ 8ರ ಅಂತರರಾಷ್ಟ್ರೀಯ ಸಾಕ್ಷರತಾ ದಿನದ ಆಸುಪಾಸಿನಲ್ಲಿ, ಸ್ವಯಂಸೇವಕರು ತಾವಿದ್ದೆಡೆಯಲ್ಲಿಯೇ ಮಕ್ಕಳನ್ನು ಸೇರಿಸಿಕೊಂಡು ಒಂದೇ ಕಥೆಯನ್ನು ತಮ್ಮ ತಮ್ಮ ಭಾಷೆಯಲ್ಲಿ ಓದಿ ಹೇಳುತ್ತಾರೆ. 2015ರ ಅದೇ ದಿನ ‘ಸ್ಟೋರಿವೀವರ್’ ಎಂಬ ಅಂತರ್ಜಾಲ ಭಂಡಾರವನ್ನು ತೆರೆದು, ಚಿತ್ರಕಥೆಗಳನ್ನು ಮುಕ್ತ ಪರವಾನಗಿಯಡಿಯಲ್ಲಿ ಇಟ್ಟರು. ಯಾರು ಬೇಕಾದರೂ ಓದಬಹುದು, ಅನುವಾದಿಸಬಹುದು, ಅಚ್ಚುಹಾಕಿಕೊಳ್ಳಬಹುದು, ಹೊಸದೊಂದು ಕಥೆಯನ್ನು ಹೆಣೆಯಲೂಬಹುದು. ಸಾವಿರ ಪ್ರತಿಗಳಿಗೆ ತಗುಲಿದ್ದ ತಾಳೆಗರಿ, ಕಂಠ, ಮಸಿ, ಲಿಪಿಕಾರರ ಕಣ್ಣು, ಇವೊಂದೂ ಈಗ ಬೇಕಾಗಿಲ್ಲ.

ಬೇಕಾಗಿರುವುದು ಓದಿ ಹೇಳುವ ಒಂದು ಬಾಯಿ. ದೂರವಾಣಿಯ ಪರದೆಯನ್ನು ಮಗುವಿನ ಕೈಗಿತ್ತು ದೊಡ್ಡವರು ಎದ್ದುಹೋದರೆ ಕಥೆಯು ಅರ್ಧದಲ್ಲಿಯೇ ನಿಲ್ಲುವುದನ್ನು ಎಲ್ಲರೂ ಕಂಡಿದ್ದೇವೆ. ಶಾಲೆಗಳು ಮುಚ್ಚಿದ್ದ 2020ರ ನವೆಂಬರ್ 14ರಂದು ಕರ್ನಾಟಕದ ಗ್ರಾಮೀಣಾಭಿವೃದ್ಧಿ ಇಲಾಖೆಯು ಹಳ್ಳಿಯ ಗ್ರಂಥಾಲಯಗಳಿಗೆ ಮಕ್ಕಳನ್ನು ಸೆಳೆಯಲು ‘ಓದುವ ಬೆಳಕು’ ಎಂಬ ಅಭಿಯಾನವನ್ನು ಆರಂಭಿಸಿತು. ಹಳೆಯ ವಾರಪತ್ರಿಕೆಯ ಹೆಸರು ಅದರಲ್ಲಿ ಬಂದುದು ಕಾಕತಾಳೀಯವಿರಬಹುದಾದರೂ, ನನಗೆ ಹಿತವೆನಿಸಿತು. ಆ ಗ್ರಂಥಾಲಯಗಳನ್ನು ಈಗ ಅರಿವು ಕೇಂದ್ರಗಳೆಂದು ಕರೆಯುತ್ತಾರೆ. ಹಲವು ಕಡೆ ಗಣಕಯಂತ್ರವೂ ಇದೆ, ಪುಸ್ತಕವೂ ಇದೆ, ಮಕ್ಕಳೂ ಬರುತ್ತಾರೆ. ಮುಂದಿನ ಬಾರಿ ಊರಿಗೆ ಹೋದಾಗ, ಓದುಗರೇ, ಒಂದು ಸಂಜೆ ಅಲ್ಲಿ ಕುಳಿತು ಒಂದು ಕಥೆಯನ್ನು ಗಟ್ಟಿಯಾಗಿ ಓದಿ. ಪದ ತಪ್ಪೀತೆಂಬ ಅಂಜಿಕೆ ಬೇಡ. ತಿದ್ದುವವರು ಕೇಳುವವರ ನಡುವೆಯೇ ಇರುತ್ತಾರೆ.